ಪ್ರಿಯಸ್‌ಗೆ ಕ್ಯಾಟ್ ಶೀಲ್ಡ್: ತಗಡಿಗಿಂತ ಮೊದಲು ಬೋಲ್ಟು ನೋಡಿ

ಎರಡನೇ ತಲೆಮಾರಿನ ಟೊಯೋಟಾ ಪ್ರಿಯಸ್, ಅಂದರೆ 2004ರಿಂದ 2009ರವರೆಗಿನ ಮಾಡೆಲ್, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇನ್ನೂ ಬೇಕಾದಷ್ಟು ಓಡುತ್ತಿವೆ. ಇಂಜಿನ್ ಗಟ್ಟಿ, ಪೆಟ್ರೋಲ್ ಖರ್ಚು ಕಡಿಮೆ. ಊರಿಂದ ಹೊಸದಾಗಿ ಬಂದು ಸೆಕೆಂಡ್ ಹ್ಯಾಂಡ್ ಕಾರು ಹುಡುಕುವ ನಮ್ಮವರ ಕಣ್ಣು ಮೊದಲು ಬೀಳುವುದೂ ಇದರ ಮೇಲೆಯೇ. ಕಾರಿನಡಿ ಹೊಗೆಯ ಪೈಪಿನಲ್ಲಿದ್ದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಚಿಕ್ಕದಾಗಿ ‘ಕ್ಯಾಟ್’) ಕದಿಯುವವರ ಕಣ್ಣೂ ಇದರ ಮೇಲಿದೆ. ಇದಕ್ಕೂ 2010–2015ರ ಮೂರನೇ ತಲೆಮಾರಿನ ಪ್ರಿಯಸ್‌ಗೂ ಮಾರುಕಟ್ಟೆಯಲ್ಲಿ ಸಿಗುವ ರಕ್ಷಣೆ ಮುಖ್ಯವಾಗಿ ಮೂರು ಬಗೆ: ಕೆಳಗಿನಿಂದ ಮುಚ್ಚುವ ತಗಡಿನ ಶೀಲ್ಡ್, ಉಕ್ಕಿನ ಕೇಬಲ್ಲಿನ ಕ್ಲ್ಯಾಂಪ್, ಪೈಪಿಗೆ ಅಂಟಿಸುವ ಪಟ್ಟಿ. ಮೂರರಲ್ಲಿ ಈ ಕಾರಿಗೆ ಒಪ್ಪುವುದು ಶೀಲ್ಡ್. ಆದರೆ ಡಬ್ಬದಲ್ಲಿ ಬಂದ ಬೋಲ್ಟುಗಳನ್ನು ಬಿಗಿದು ಕೆಲಸ ಮುಗಿಯಿತು ಅಂದುಕೊಂಡರೆ ಅರ್ಧ ದುಡ್ಡು ದಂಡ.

ಕಳ್ಳರು ಪ್ರಿಯಸ್ಸನ್ನೇ ಯಾಕೆ ಆರಿಸುತ್ತಾರೆ ಎಂಬುದು ಗೊತ್ತಿದ್ದರೆ ಯಾವ ರಕ್ಷಣೆ ಬೇಕು ಎಂಬುದೂ ಗೊತ್ತಾಗುತ್ತದೆ. ಕನ್ವರ್ಟರಿನ ಉಕ್ಕಿನ ಡಬ್ಬಿಯೊಳಗೆ ಜೇನುಗೂಡಿನಂಥ ಪಿಂಗಾಣಿ ಗಟ್ಟಿ ಇರುತ್ತದೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ತೂಕದಲ್ಲಿ ಕೆಲವೇ ಗ್ರಾಂ, ಬೆಲೆಯೆಲ್ಲ ಅದರಲ್ಲೇ. 31.1 ಗ್ರಾಂ ತೂಗುವ ಒಂದು ಟ್ರಾಯ್ ಔನ್ಸ್ ರೋಡಿಯಂ 2019ರ ಆರಂಭದಲ್ಲಿ ಸುಮಾರು 2,500 ಡಾಲರ್ ಇತ್ತು. 2021ರ ಮೊದಲ ತಿಂಗಳುಗಳಲ್ಲಿ 25,000 ಡಾಲರ್ ದಾಟಿತು. ಪ್ರಿಯಸ್ ಪೆಟ್ರೋಲ್ ಇಂಜಿನ್ನೂ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರು. ಅದರ ಇಂಜಿನ್ ಮತ್ತೆ ಮತ್ತೆ ಆಫ್ ಆಗಿ ಆನ್ ಆಗುವುದರಿಂದ ಕನ್ವರ್ಟರ್ ನಡುನಡುವೆ ತಣ್ಣಗಾಗುತ್ತದೆ. ತಣ್ಣಗಿದ್ದರೂ ಹೊಗೆ ಶುದ್ಧ ಮಾಡಬೇಕಲ್ಲ, ಅದಕ್ಕೇ ಪ್ರಿಯಸ್ಸಿನದರಲ್ಲಿ ಈ ಲೋಹಗಳ ಪ್ರಮಾಣ ಹೆಚ್ಚು. ಇಂಜಿನ್ ಓಡುವ ಹೊತ್ತು ಕಡಿಮೆಯಾದ್ದರಿಂದ ಲೇಪನ ಸವೆಯುವುದೂ ಕಡಿಮೆ. ಹದಿನೈದು ವರ್ಷದ ಪ್ರಿಯಸ್ಸಿನ ಕನ್ವರ್ಟರಿಗೆ ಗುಜರಿಯಲ್ಲಿ ಒಳ್ಳೆಯ ರೇಟು ಸಿಗುವುದು ಇದರಿಂದಲೇ.

ಕದಿಯುವ ವಿಧಾನದಲ್ಲಿ ಚಾಕಚಕ್ಯತೆ ಏನಿಲ್ಲ. ಪಕ್ಕಕ್ಕೊಂದು ಜ್ಯಾಕ್ ಕೊಟ್ಟು ಕಾರನ್ನು ಒಂದು ಬದಿಗೆ ಎತ್ತುತ್ತಾರೆ, ಒಬ್ಬ ಒಳಗೆ ನುಸುಳುತ್ತಾನೆ, ಬ್ಯಾಟರಿಯ ಗರಗಸದಿಂದ ಕನ್ವರ್ಟರಿನ ಮುಂದೊಂದು ಹಿಂದೊಂದು ಕಡೆ ಪೈಪ್ ಕೊಯ್ಯುತ್ತಾನೆ. ಎರಡು ನಿಮಿಷ ಸಾಕು. ಜೊತೆಗೆ ಆಕ್ಸಿಜನ್ ಸೆನ್ಸರಿನ ವೈರೂ ಹೋಗುತ್ತದೆ, ಎಷ್ಟೋ ಸಲ ಬಿಸಿ ತಡೆಯಲು ಕಂಪನಿಯೇ ಹಾಕಿದ ತೆಳು ತಗಡು, ಅಂದರೆ ಹೀಟ್ ಶೀಲ್ಡ್ ಕೂಡ ಹರಿಯುತ್ತದೆ. ಬೆಳಿಗ್ಗೆ ಮಾಲೀಕರು ಬಟನ್ ಒತ್ತಿದಾಗ ಕಾರು ಎಂದಿನಂತೆ ಸದ್ದಿಲ್ಲದೆ ರೆಡಿ ಆಗುತ್ತದೆ. ಕೆಲವು ಸೆಕೆಂಡ್ ಬಿಟ್ಟು ಇಂಜಿನ್ ಆನ್ ಆದಾಗಲೇ ಲಾರಿಯಂತೆ ಗುಡುಗುವುದು.

ರಕ್ಷಣೆ ಅನ್ನುವುದು ಈ ಎರಡು ನಿಮಿಷವನ್ನು ಹತ್ತೋ ಹದಿನೈದೋ ನಿಮಿಷ ಮಾಡುವ ಕೆಲಸ, ಅಷ್ಟೆ. ಸಮಯವೂ ಸಲಕರಣೆಯೂ ಇದ್ದವನು ಯಾವುದನ್ನಾದರೂ ಬಿಚ್ಚುತ್ತಾನೆ. ನಡುರಾತ್ರಿ ಬೀದಿಯಲ್ಲಿ ಕಾರಿನಡಿ ಮಲಗಿದವನಿಗೆ ಅಷ್ಟು ಸಮಯ ಇರುವುದಿಲ್ಲ, ಅದೇ ನಮಗಿರುವ ಅನುಕೂಲ.

ಅಂಟಿಸುವ ಪಟ್ಟಿಯ ವಿಷಯ ಬೇಗ ಹೇಳಿ ಮುಗಿಸಬಹುದು. ಕ್ಯಾಟ್‌ಸ್ಟ್ರ್ಯಾಪ್ ಎಂಬ ಹೆಸರಿನಲ್ಲಿ ಬರುವ ಇದರೊಳಗೆ ಉಕ್ಕಿನ ತಂತಿ ಇದೆ; ಬಿಸಿ ತಡೆಯುವ ಅಂಟಿನಿಂದ ಪೈಪಿಗೆ ಸುತ್ತಬೇಕು. ಗರಗಸದ ಹಲ್ಲಿಗೆ ತಂತಿ ಸಿಕ್ಕಿ ಕೊಯ್ಯುವುದು ತಡವಾಗಲಿ ಎಂಬುದು ಯೋಚನೆ. ಕಿತ್ತಳೆ ಬಣ್ಣ ದೂರಕ್ಕೆ ಕಾಣುತ್ತದೆ, ಅದೂ ಉಪಯೋಗವೇ. ತೊಂದರೆ ಎಂದರೆ, ಪಟ್ಟಿ ಸುತ್ತಿರುವ ಜಾಗದಲ್ಲಿ ಮಾತ್ರ ರಕ್ಷಣೆ; ಅದರ ಪಕ್ಕ ನಾಲ್ಕು ಬೆರಳಷ್ಟು ಬರಿಯ ಪೈಪ್ ಉಳಿದಿದ್ದರೆ ಗರಗಸ ಅಲ್ಲಿ ಕೂರುತ್ತದೆ. ಪೈಪಿನ ತುಕ್ಕು, ಎಣ್ಣೆ ಪೂರ್ತಿ ಉಜ್ಜಿ ತೆಗೆಯದೆ ಅಂಟಿಸಿದರೆ ಕ್ರಮೇಣ ಅಂಟೂ ಬಿಡುತ್ತದೆ. ಶೀಲ್ಡ್ ಸಿಗದ ಮಾಡೆಲ್ಲಿನ ಕಾರಿಗೆ ಇದು ಪರವಾಗಿಲ್ಲ.

ಕೇಬಲ್ ಕ್ಲ್ಯಾಂಪಿಗೆ ಸರಿಯಾದ ಜಾಗ ಪಿಕಪ್ ಟ್ರಕ್ಕು, ವ್ಯಾನು. ಕ್ಯಾಟ್‌ಕ್ಲ್ಯಾಂಪ್‌ನಂಥವು ಕನ್ವರ್ಟರಿನ ಸುತ್ತ ಉಕ್ಕಿನ ಹಗ್ಗದ ಬಲೆ ಹೆಣೆದು ಅದನ್ನು ಗಾಡಿಯ ಚಾಸಿಗೆ ಕಟ್ಟುತ್ತವೆ. ಟ್ರಕ್ಕಿನಲ್ಲಿ ಕಟ್ಟಲು ದಪ್ಪ ಚಾಸಿ ಇದೆ, ಪ್ರಿಯಸ್ಸಿನಲ್ಲಿ ಅಂಥದ್ದಿಲ್ಲ. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ: ಎಕ್ಸಾಸ್ಟ್ ಪೈಪು ರಬ್ಬರ್ ಹ್ಯಾಂಗರುಗಳಲ್ಲಿ ನೇತಾಡುತ್ತಿರುತ್ತದೆ. ಬಿಸಿಯಾದಾಗ ಉದ್ದವಾಗುತ್ತದೆ, ಇಂಜಿನ್ ಅಲುಗಿದಾಗ ಜೊತೆಗೆ ಅಲುಗುತ್ತದೆ. ಕೇಬಲ್ಲನ್ನು ಸಡಿಲ ಬಿಡದೆ ಎಳೆದು ಬಿಗಿದರೆ ಆ ಅಲುಗಾಟವೆಲ್ಲ ವೆಲ್ಡಿಂಗ್ ಜಾಯಿಂಟಿನ ಮೇಲೆ ಬಿದ್ದು ಬಿರುಕು ಬರುತ್ತದೆ. ಮಫ್ಲರ್ ಅಂಗಡಿಯವರು ಕಬ್ಬಿಣದ ಸರಳಿನ ಪಂಜರ ಮಾಡಿ ಪೈಪಿಗೂ ಬಾಡಿಗೂ ಸೇರಿಸಿ ವೆಲ್ಡ್ ಮಾಡಿಕೊಡುತ್ತೇವೆ ಅಂದರೆ ಬೇಡ ಎನ್ನಬೇಕಾದದ್ದೂ ಇದೇ ಕಾರಣಕ್ಕೆ. ಪಂಜರ ಪೈಪಿಗೊಂದಕ್ಕೇ ಅಥವಾ ಬಾಡಿಗೊಂದಕ್ಕೇ ಸೇರಿರಬೇಕು, ಎರಡಕ್ಕೂ ಅಲ್ಲ.

ಇನ್ನು ಶೀಲ್ಡ್. ಪ್ರಿಯಸ್‌ಗೆ ಹೆಸರುವಾಸಿಯಾದದ್ದು ಸ್ಯಾಕ್ರಮೆಂಟೊ ಭಾಗದ ಮಿಲ್ಲರ್‌ಕ್ಯಾಟ್ ಕಂಪನಿಯ ಕ್ಯಾಟ್ ಶೀಲ್ಡ್. ಅದೇ ಮಾದರಿಯಲ್ಲಿ ಬೇರೆಯವರ ತಗಡುಗಳೂ ಬಂದಿವೆ. ಆಯಾ ಮಾಡೆಲ್ಲಿಗೆ ಅಳತೆ ನೋಡಿ ಕತ್ತರಿಸಿದ ತಗಡು ಕನ್ವರ್ಟರಿನ ಕೆಳಭಾಗವನ್ನು ಮುಚ್ಚಿ, ಕಾರಿನಲ್ಲಿ ಆಗಲೇ ಇರುವ ತೂತುಗಳಿಗೆ ಬೋಲ್ಟ್ ಆಗುತ್ತದೆ. ಪೈಪಿಗೆ ಎಲ್ಲೂ ತಾಗುವುದಿಲ್ಲ, ಹಾಗಾಗಿ ಮೇಲೆ ಹೇಳಿದ ಅಲುಗಾಟದ ಸಮಸ್ಯೆ ಇಲ್ಲವೇ ಇಲ್ಲ. ಎರಡನೇ ತಲೆಮಾರಿನ ಕಾರಿನಲ್ಲಿ ಇಂಜಿನ್ ಆಯಿಲ್ ಬದಲಿಸಲು ಇದನ್ನು ಬಿಚ್ಚಬೇಕಾಗಿಯೂ ಇಲ್ಲ. ಕೊಳ್ಳುವಾಗ ತಲೆಮಾರು ಸರಿಯಾಗಿ ಹೇಳಿ. 2009ರ ಕಾರಿನ ಶೀಲ್ಡ್ 2010ರದಕ್ಕೆ ಕೂರುವುದಿಲ್ಲ.

ಅಲ್ಯೂಮಿನಿಯಮ್ಮೋ ಸ್ಟೇನ್‌ಲೆಸ್ ಸ್ಟೀಲೋ? ಸ್ಟೇನ್‌ಲೆಸ್ಸನ್ನು ಕೊಯ್ಯಲು ಹೋದಷ್ಟೂ ಕೊಯ್ದ ಜಾಗ ಗಡಸಾಗುತ್ತದೆ, ಬ್ಲೇಡಿನ ಹಲ್ಲು ಬೇಗ ಹೋಗುತ್ತದೆ. ಅಲ್ಯೂಮಿನಿಯಂ ಮೆದು, ಬೇಗ ಕೊಯ್ಯಬಹುದು. ಆದರೆ ಅದರ ಪುಡಿ ಬ್ಲೇಡಿನ ಹಲ್ಲಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ಹಗುರ ಬೇರೆ, ಕಾರಿನಡಿ ಮಲಗಿ ಒಬ್ಬರೇ ಎತ್ತಿ ಹಿಡಿಯಬಹುದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಶಿಗನ್, ನ್ಯೂಜೆರ್ಸಿ, ಶಿಕಾಗೊ ಕಡೆಯವರು ಸ್ಟೇನ್‌ಲೆಸ್ಸನ್ನೇ ಕೊಳ್ಳಬೇಕು. ಅಲ್ಯೂಮಿನಿಯಂ ತಗಡು ಉಕ್ಕಿನ ಬೋಲ್ಟಿಗೆ ತಾಗಿರುವ ಕಡೆ ಉಪ್ಪುನೀರು ಸೇರಿದರೆ ತಗಡು ಬೋಲ್ಟಿನ ಸುತ್ತ ಬಿಳಿ ಪುಡಿಯಾಗಿ ಉದುರುತ್ತದೆ, ಕೊನೆಗೆ ತೂತು ದೊಡ್ಡದಾಗುತ್ತದೆ. ಕ್ಯಾಲಿಫೋರ್ನಿಯಾದ ಬಯಲು ಸೀಮೆಯಲ್ಲಿ ಅಲ್ಯೂಮಿನಿಯಂ ಸಾಕು. ಉಳಿದ ದುಡ್ಡನ್ನು ಬೋಲ್ಟಿಗೆ ಹಾಕುವುದು ಮೇಲು.

ಯಾಕೆಂದರೆ ಕಳ್ಳ ತಗಡನ್ನು ಕೊಯ್ಯುವ ಗೋಜಿಗೆ ಹೋಗುವುದು ಕಡಿಮೆ, ಬಿಚ್ಚಲು ನೋಡುತ್ತಾನೆ. ಶೀಲ್ಡಿನ ಜೊತೆ ಬರುವ ಸೆಕ್ಯುರಿಟಿ ಬೋಲ್ಟುಗಳ ತಲೆಯಲ್ಲಿ ನಡುವೆ ಸಣ್ಣ ಮೊಳೆ ಇರುತ್ತದೆ, ಮಾಮೂಲಿ ಕೀ ಕೂರುವುದಿಲ್ಲ. ಆದರೆ ಆ ಮೊಳೆಗೆ ಹೊಂದುವ ಬಿಟ್‌ಗಳ ಸೆಟ್ಟು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಅಗ್ಗಕ್ಕೆ ಸಿಗುತ್ತದೆ. ಹಾಗಾಗಿ ಎಲ್ಲ ಬೋಲ್ಟನ್ನೂ ಒಂದೇ ಬಗೆಯದು ಹಾಕಬೇಡಿ. ಮೂಲೆಯ ಎರಡು ಜಾಗಕ್ಕೆ ಶಿಯರ್ ಬೋಲ್ಟು ಹಾಕಿ: ಬಿಗಿಯುತ್ತಾ ಹೋದಾಗ ಅದರ ಷಟ್ಕೋನದ ತಲೆ ಮುರಿದು ಬಿದ್ದು, ಪಾನ ಹಿಡಿಯಲು ಏನೂ ಉಳಿಯದ ಗುಂಡು ತಲೆ ನಿಲ್ಲುತ್ತದೆ. ಅದು ಸಿಗದಿದ್ದರೆ ಉಕ್ಕಿನ ಪಾಪ್ ರಿವೆಟ್ ಹಾಕಬಹುದು. ಅಲ್ಯೂಮಿನಿಯಂ ರಿವೆಟ್ ಬೇಡ, ಉಳಿ ಸುತ್ತಿಗೆಗೇ ಹಾರಿಹೋಗುತ್ತದೆ. ಉಳಿದ ಬೋಲ್ಟುಗಳ ತಲೆಯ ಗುಳಿಗೆ ಲೋಹದ ಎಪಾಕ್ಸಿ ಅಂಟು ತುಂಬಿ ಒಣಗಲು ಬಿಟ್ಟರೆ ಬಿಟ್ ಕೂರುವುದಿಲ್ಲ. ನಿಮಗೇ ಬಿಚ್ಚಬೇಕಾದಾಗ ಶಿಯರ್ ಬೋಲ್ಟನ್ನೂ ರಿವೆಟ್ಟನ್ನೂ ಡ್ರಿಲ್ ಮಾಡಿ ತೆಗೆಯಬೇಕು, ಎಪಾಕ್ಸಿಯನ್ನು ಕೊರೆದು ಕೀಳಬೇಕು. ಹಗಲು ಹೊತ್ತಿನಲ್ಲಿ, ಕಾರನ್ನು ಲಿಫ್ಟಿನ ಮೇಲೆ ಏರಿಸಿ ಮಾಡಿದರೆ ಅದೇನು ದೊಡ್ಡ ಕೆಲಸವಲ್ಲ. ರಾತ್ರಿ ಕತ್ತಲಲ್ಲಿ, ಮೂಗಿಗೆ ತಾಗುವಷ್ಟು ಹತ್ತಿರ ಕಾರಿನ ತಳ ಇದ್ದಾಗ ಅದು ಬೇರೆಯೇ ಕೆಲಸ.

ಅಂಚುಗಳನ್ನೂ ನೋಡಿ. ಶೀಲ್ಡ್ ಕೂತ ಮೇಲೆ ಮುಂದೆ, ಹಿಂದೆ, ಎರಡೂ ಪಕ್ಕದಿಂದ ಟಾರ್ಚ್ ಬಿಟ್ಟು ಗಮನಿಸಿ. ಕನ್ವರ್ಟರಿಗೆ ಸೇರಿದ ಪೈಪು ಕೈ ತೂರಿಸುವಷ್ಟು ತೆರೆದಿದ್ದರೆ ಉದ್ದನೆಯ ಬ್ಲೇಡೂ ಅಲ್ಲಿ ತೂರುತ್ತದೆ. ಹಿಂದಿನ ತುದಿ ಗಿಡ್ಡವಾಗಿರುವ ಅಗ್ಗದ ತಗಡುಗಳಲ್ಲಿ ಇದು ಸಾಮಾನ್ಯ. ಒಂದು ಕಡೆ ಕೊಯ್ದು ಇನ್ನೊಂದು ಕಡೆ ಜಗ್ಗಿ ಮುರಿದುಕೊಂಡು ಹೋಗುತ್ತಾರೆ.

ಮನೆಯಲ್ಲೇ ಕೂರಿಸುವವರಿಗೆ ಕ್ರಮ ಹೀಗಿದೆ. ಕಾರು ಓಡಿಸಿ ತಂದ ತಕ್ಷಣ ಕೆಳಗೆ ಹೋಗಬೇಡಿ. ಕೆಲಸ ಮಾಡುವಾಗ ಕನ್ವರ್ಟರಿನ ಒಳಗೆ 400ರಿಂದ 800 ಡಿಗ್ರಿ ಸೆಲ್ಸಿಯಸ್ ಇರುತ್ತದೆ; ಕೆಲವು ಗಂಟೆ ಬಿಟ್ಟು ಕೈ ಹಾಕಿ. ಕಾರನ್ನು ಪೂರ್ತಿ ಪವರ್ ಆಫ್ ಮಾಡಿ, ಸ್ಮಾರ್ಟ್ ಕೀಯನ್ನು ಮನೆಯೊಳಗೆ ದೂರ ಇಡಿ. ಪ್ರಿಯಸ್ಸಿನಲ್ಲಿ ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು: ‘ರೆಡಿ’ ದೀಪ ಉರಿಯುತ್ತಿದ್ದರೆ ಇಂಜಿನ್ ಸದ್ದಿಲ್ಲದೆ ಇದ್ದರೂ ಯಾವ ಕ್ಷಣದಲ್ಲಾದರೂ ತಾನಾಗಿ ಆನ್ ಆಗುತ್ತದೆ, ನೀವು ಅದರ ಕೆಳಗೆ ಇರುತ್ತೀರಿ. ಸಮತಟ್ಟು ನೆಲ, ಪಾರ್ಕಿಂಗ್ ಬ್ರೇಕ್, ಹಿಂದಿನ ಚಕ್ರಕ್ಕೆ ಅಡ್ಡ. ಮುಂಭಾಗ ಎತ್ತಿದ ಮೇಲೆ ಎರಡೂ ಕಡೆ ಜ್ಯಾಕ್ ಸ್ಟ್ಯಾಂಡ್ ಕೊಡಲೇಬೇಕು. ಡಿಕ್ಕಿಯಲ್ಲಿರುವ ಸ್ಟೆಪ್ನಿ ಜ್ಯಾಕಿನ ಮೇಲೆ ನಿಂತ ಕಾರಿನಡಿ ತಲೆ ಹಾಕಬೇಡಿ. ಸ್ಟ್ಯಾಂಡು ಅಂಚಿನ ಪಟ್ಟಿಯಲ್ಲಿ ಕಂಪನಿ ಗುರುತು ಮಾಡಿದ ಜಾಗಕ್ಕೇ ಬರಬೇಕು, ಪಕ್ಕಕ್ಕೆ ಸರಿದರೆ ತಗಡು ಬಗ್ಗುತ್ತದೆ.

ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲೇ ಮೂರು ನಾಲ್ಕು ಸುತ್ತು ತಿರುಗಿಸಿ ಕೂರಿಸಿ. ಒಂದನ್ನು ಪೂರ್ತಿ ಬಿಗಿದು ಮತ್ತೊಂದಕ್ಕೆ ಹೋದರೆ ತಗಡು ಓರೆಯಾಗಿ ಕೊನೆಯ ತೂತು ಕೂಡುವುದಿಲ್ಲ. ಆಗ ಜನ ಬೋಲ್ಟನ್ನು ಅಡ್ಡಡ್ಡ ತುರುಕುತ್ತಾರೆ, ಥ್ರೆಡ್ ಹೋಗುತ್ತದೆ. ಎಲ್ಲ ಕೂತ ಮೇಲೆ ತಗಡಿಗೂ ಪೈಪಿಗೂ ಎಲ್ಲ ಕಡೆ ಒಂದು ಬೆರಳಿನಷ್ಟು ಸಂದಿ ಇದೆಯೇ ನೋಡಿ, ಆಮೇಲೆ ಒಂದು ಮೂಲೆಯಿಂದ ಎದುರು ಮೂಲೆಗೆ ಬದಲಿಸುತ್ತಾ ಬಿಗಿಯಿರಿ. ಕಂಪನಿಯ ಹಾಳೆಯಲ್ಲಿ ಹೇಳಿದ ಟಾರ್ಕ್ (ಬಿಗಿಯುವ ಬಲ) ಮೀರಬೇಡಿ. 6 ಎಂ.ಎಂ. ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಸಾಕು. ತೆಳು ತಗಡಿನಲ್ಲಿ ಕೂತ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಿಡಿದರೆ ನಟ್ಟೇ ಸುತ್ತತೊಡಗುತ್ತದೆ, ಮತ್ತೆ ಬಿಚ್ಚಲೂ ಆಗದು ಬಿಗಿಯಲೂ ಆಗದು. ಶಿಯರ್ ಬೋಲ್ಟು, ರಿವೆಟ್ಟು, ಎಪಾಕ್ಸಿ ಇವೆಲ್ಲ ಕೊನೆಗೆ. ಮೊದಲು ಒಂದು ವಾರ ಮಾಮೂಲಿ ಬೋಲ್ಟಿನಲ್ಲೇ ಓಡಿಸಿ ಸದ್ದು ಬರುತ್ತದೆಯೇ ಕೇಳಿ.

ಸದ್ದು ಬರುವುದು ಈ ಉತ್ಪನ್ನದ ಅತಿ ಸಾಮಾನ್ಯ ದೂರು. ಇಂಜಿನ್ ಸ್ಟಾರ್ಟ್ ಆಗುವಾಗ, ನಿಲ್ಲುವಾಗ ಮಾತ್ರ ಟರ್ ಎಂದರೆ ತಗಡು ಎಲ್ಲೋ ಎಕ್ಸಾಸ್ಟಿನ ಹೀಟ್ ಶೀಲ್ಡಿಗೆ ತಾಗುತ್ತಿದೆ. ಆ ಮೂಲೆಗೆ ಒಂದು ವಾಷರ್ ಹೆಚ್ಚು ಕೊಡಿ. ಹಂಪಿನ ಮೇಲೆ ಮಾತ್ರ ಬಂದರೆ ಬೋಲ್ಟು ಸಡಿಲ. ಇಂಜಿನ್ ಬಿಸಿಯಾದ ಮೇಲಷ್ಟೇ ಬಂದರೆ ಪೈಪು ಹಿಗ್ಗಿ ತಾಗುತ್ತಿದೆ, ಸಂದಿ ಸಾಲದು. ಹಳೆಯ ಕಾರಿನಲ್ಲಿ ರಬ್ಬರ್ ಹ್ಯಾಂಗರ್ ಜೋತು ಬಿದ್ದು ಪೈಪೇ ಕೆಳಗಿಳಿದಿರುತ್ತದೆ. ಆಗ ಶೀಲ್ಡನ್ನು ಬೈದು ಪ್ರಯೋಜನವಿಲ್ಲ, ಹ್ಯಾಂಗರ್ ಬದಲಿಸಬೇಕು.

ಇನ್ನೊಂದು ಅಪಾಯ ಇದೆ. ತಗಡಿನ ಮೇಲೆ ಒಣಗಿದ ಎಲೆ, ಹುಲ್ಲು ಸೇರಿಕೊಳ್ಳುತ್ತದೆ, ಅದರ ಮೇಲೆಯೇ ಕಾದ ಕನ್ವರ್ಟರ್. ಕ್ಯಾಲಿಫೋರ್ನಿಯಾದಂಥ ಕಡೆ ಬೇಸಿಗೆಗೆ ಮೊದಲು ಮತ್ತು ಪ್ರತಿ ಸಲ ಆಯಿಲ್ ಬದಲಿಸುವಾಗ ಸಂದಿಯಲ್ಲಿ ಗಾಳಿ ಹೊಡೆಸಿ ಸ್ವಚ್ಛ ಮಾಡಿಸಿ. ಮರದಡಿ ನಿಲ್ಲಿಸುವ ಕಾರಾದರೆ ಇನ್ನೂ ಬೇಗ.

ಕ್ಯಾಲಿಫೋರ್ನಿಯಾದ ಹೊಗೆ ಪರೀಕ್ಷೆಯಾದ ಸ್ಮಾಗ್ ಚೆಕ್ಕಿನಲ್ಲಿ ಕನ್ವರ್ಟರ್ ಇದೆಯೇ, ಸರಿಯಾದದ್ದೇ ಎಂದು ಕಣ್ಣಾರೆ ನೋಡುವುದೂ ಪರೀಕ್ಷೆಯ ಭಾಗ. ಶೀಲ್ಡ್ ಪೂರ್ತಿ ಮುಚ್ಚಿ ಏನೂ ಕಾಣದಿದ್ದರೆ ಬಿಚ್ಚಿಕೊಂಡು ಬನ್ನಿ ಎನ್ನಬಹುದು. ಈ ತಲೆಮಾರಿನ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ಇರುವುದರಿಂದ, ನೋಡಲು ಕಿಂಡಿ ಬಿಟ್ಟಿರುವ ವಿನ್ಯಾಸ ಆರಿಸಿ. ಎಪಾಕ್ಸಿ, ಶಿಯರ್ ಬೋಲ್ಟು ಹಾಕದೆ ಬಿಟ್‌ನಲ್ಲೇ ಬಿಚ್ಚುವಂತಿದ್ದರೆ ಆ ಬಿಟ್ ಅನ್ನು ಗ್ಲೋವ್ ಬಾಕ್ಸಿನಲ್ಲಿ ಇಡದೆ ಮನೆಯಲ್ಲಿಟ್ಟು ಆ ದಿನ ತೆಗೆದುಕೊಂಡು ಹೋಗಿ. ಶೀಲ್ಡ್ ಹಾಕುವ ಮುಂಚೆ ಕನ್ವರ್ಟರಿನ ಡಬ್ಬಿಯ ಮೇಲೆ ಕಾರಿನ ವಿ.ಐ.ಎನ್. (ಪ್ರತಿ ಕಾರಿಗೂ ಬೇರೆಯಾಗಿರುವ ಗುರುತಿನ) ಸಂಖ್ಯೆ ಕೆತ್ತಿಸಿ ಫೋಟೊ ತೆಗೆದಿಡಿ. ಮಾಮೂಲಿ ಪೇಂಟಿನಲ್ಲಿ ಬರೆದರೆ ಸುಟ್ಟು ಹೋಗುತ್ತದೆ. ಎಕ್ಸಾಸ್ಟಿಗೆಂದೇ ಬರುವ ಬಿಸಿ ತಡೆಯುವ ಪೇಂಟ್ ಬೇಕು.

ಖರ್ಚಿನ ಲೆಕ್ಕ ನೋಡಿದರೆ ಶೀಲ್ಡಿಗೆ ಕೂಲಿ ಸೇರಿ ಕೆಲವು ನೂರು ಡಾಲರ್. ಕಳುವಾದ ಮೇಲೆ ಕಂಪನಿಯದೇ ಕನ್ವರ್ಟರ್ ಹಾಕಿಸಲು ಸಾಮಾನ್ಯವಾಗಿ 2,000ದಿಂದ 3,000 ಡಾಲರ್. ಮೂರನೇ ತಲೆಮಾರಿನಲ್ಲಿ ಎಕ್ಸಾಸ್ಟಿನ ಬಿಸಿಯಿಂದ ಇಂಜಿನ್ನಿನ ಕೂಲಂಟ್ ಕಾಯಿಸುವ ಭಾಗವೂ ಅದೇ ಸಾಲಿನಲ್ಲಿರುವುದರಿಂದ ಗರಗಸ ಅದಕ್ಕೂ ತಾಗಿದರೆ ಖರ್ಚು ಇನ್ನೂ ಏರುತ್ತದೆ. ಬೇರೆ ರಾಜ್ಯಗಳಲ್ಲಿ ಅಗ್ಗಕ್ಕೆ ಸಿಗುವ ಕನ್ವರ್ಟರನ್ನು ಕ್ಯಾಲಿಫೋರ್ನಿಯಾದಲ್ಲಿ ಹಾಕುವಂತಿಲ್ಲ. ಕಂಪನಿಯದಲ್ಲದ ಕನ್ವರ್ಟರ್ ಆದರೆ ರಾಜ್ಯದ ವಾಯು ಮಂಡಳಿ ಒಪ್ಪಿದ ಸಂಖ್ಯೆ ಅದರ ಮೇಲೆ ಅಚ್ಚಾಗಿರಬೇಕು. ಇನ್ಶೂರೆನ್ಸಿನಲ್ಲಿ ಕಳವಿಗೂ ಅನ್ವಯಿಸುವ ಕಾಂಪ್ರಿಹೆನ್ಸಿವ್ ಇದ್ದರೆ ಡಿಡಕ್ಟಿಬಲ್ (ನಾವೇ ಭರಿಸಬೇಕಾದ ಪಾಲು) ಕಳೆದು ಉಳಿದದ್ದು ಸಿಗುತ್ತದೆ. ಹಳೆಯ ಕಾರು ಎಂದು ಎದುರಿನವರ ನಷ್ಟಕ್ಕಷ್ಟೇ ಆಗುವ ಲಯಬಿಲಿಟಿ ಮಾತ್ರ ಮಾಡಿಸಿದವರಿಗೆ ಒಂದು ಪೈಸೆಯೂ ಬರುವುದಿಲ್ಲ. ಕಾಂಪ್ರಿಹೆನ್ಸಿವ್ ಇದ್ದರೂ ಕಾರಿನ ಬೆಲೆಗಿಂತ ರಿಪೇರಿ ಹೆಚ್ಚೆಂದು ಕಂಪನಿ ಕಾರನ್ನೇ ‘ಟೋಟಲ್’ ಎಂದು ಬರೆದುಹಾಕುವುದುಂಟು. ಚೆನ್ನಾಗಿ ಓಡುತ್ತಿದ್ದ ಕಾರು ಎರಡು ನಿಮಿಷದ ಗರಗಸಕ್ಕೆ ಗುಜರಿ ಸೇರುವುದು ನೋಡಲು ಸಂಕಟವಾಗುತ್ತದೆ.

ಕಳುವಾದರೆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಟೋ ಮಾಡಿಸಿ. ತುಂಡಾದ ಪೈಪಿನಿಂದ ಬರುವ ಹೊಗೆ ಕಾರಿನ ತಳದಲ್ಲೇ ಸುಳಿದು ಒಳಗೆ ಬರಬಹುದು, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ.

ಒಂದು ಕಾರಿಗೆ ಶೀಲ್ಡ್ ಹಾಕಿದರೆ ಕಳ್ಳ ಪಕ್ಕದ ಕಾರಿಗೆ ಹೋಗುತ್ತಾನೆ ಎಂಬ ಮಾತು ನಿಜ, ಅದಕ್ಕೇ ಕದ್ದ ಮಾಲು ಕೊಳ್ಳುವವರನ್ನು ಹಿಡಿಯುವುದು ಮುಖ್ಯ. 2022ರ ನವೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಒಂಬತ್ತು ರಾಜ್ಯಗಳಲ್ಲಿ ದಾಳಿ ನಡೆಸಿ, ಐದು ರಾಜ್ಯಗಳ 21 ಮಂದಿಯನ್ನು ಬಂಧಿಸಿತು ಅಥವಾ ಅವರ ಮೇಲೆ ಕೇಸು ಹಾಕಿತು, 54.5 ಕೋಟಿ ಡಾಲರ್ ಮುಟ್ಟುಗೋಲಿಗೆ ಕೇಳಿತು; ಸ್ಯಾಕ್ರಮೆಂಟೊದಿಂದ ಹೊರಟ ಮಾಲು ನ್ಯೂಜೆರ್ಸಿಯವರೆಗೆ ಹೋಗುತ್ತಿತ್ತು. 2023ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಗುಜರಿಯವರು ಬಿಡಿ ಕನ್ವರ್ಟರನ್ನು ಕಾರಿನ ಮಾಲೀಕರಿಂದ ಅಥವಾ ಪರವಾನಗಿ ಇರುವವರಿಂದಷ್ಟೇ ಕೊಳ್ಳಬೇಕು, ಯಾವ ಕಾರಿನದು ಎಂಬ ದಾಖಲೆ ಇಡಬೇಕು. ರೋಡಿಯಂ ಬೆಲೆಯೂ 2023ರಲ್ಲಿ 5,000 ಡಾಲರಿಗಿಂತ ಕೆಳಗಿಳಿಯಿತು. ಆಗ ಬೆಲೆ ಇಳಿಯಿತು ಎಂದು ಶೀಲ್ಡ್ ಬೇಡವೆನ್ನುವುದು ಮಾತ್ರ ಸರಿಯಲ್ಲ. ಬೀದಿಯಲ್ಲಿ ನಿಲ್ಲುವ ಎರಡನೇ ತಲೆಮಾರಿನ ಪ್ರಿಯಸ್‌ಗೆ ಇವತ್ತೂ ಹಾಕಿಸಬೇಕು. ಬೀಗ ಹಾಕುವ ಗ್ಯಾರೇಜಿನಲ್ಲಿ ನಿಲ್ಲುವ ಕಾರಿಗೆ ಅಗತ್ಯವಿಲ್ಲ.

ಊರಿನಲ್ಲಿ ಮಾರುತಿ ಇಕೋ ಇಟ್ಟುಕೊಂಡವರಿಗೂ ಇದರಲ್ಲಿ ಕೆಲಸಕ್ಕೆ ಬರುವ ವಿಷಯ ಇದೆ. ಗುಜರಾತ್, ದೆಹಲಿ ಕಡೆ ಇಕೋ ಸೈಲೆನ್ಸರ್ ಕಳ್ಳರ ಗ್ಯಾಂಗುಗಳನ್ನೇ ಪೊಲೀಸರು ಹಿಡಿದಿದ್ದಾರೆ; ಅವರಿಗೆ ಬೇಕಾದದ್ದೂ ಅದರ ಕನ್ವರ್ಟರೇ. ಇಕೋದಲ್ಲಿ ಅವರಿಗೆ ಗರಗಸವೂ ಬೇಡ. ಕನ್ವರ್ಟರ್ ಬೋಲ್ಟಿನ ಮೇಲೆ ನಿಂತಿದೆ, ಪಾನದಲ್ಲಿ ಬಿಚ್ಚಿದರೆ ಸದ್ದೂ ಇಲ್ಲ. ಹಾಗಾಗಿ ಊರಿನಲ್ಲಿ ಮಾರುವ ಸೈಲೆನ್ಸರ್ ಗಾರ್ಡ್ ಕೊಳ್ಳುವಾಗ ನೋಡಬೇಕಾದದ್ದು ಒಂದೇ: ಫ್ಲ್ಯಾಂಜಿನ (ಪೈಪುಗಳು ಕೂಡುವ ಅಂಚಿನ) ಬೋಲ್ಟುಗಳಿಗೆ ಪಾನ ಹೋಗದಂತೆ ಮುಚ್ಚುತ್ತದೆಯೇ ಇಲ್ಲವೇ. ಡಬ್ಬಿಯನ್ನಷ್ಟೇ ಸುತ್ತುವ ಪಂಜರ ಕೊಂಡು ಉಪಯೋಗವಿಲ್ಲ. ನಟ್ಟಿಗೆ ಒಂದು ಚುಕ್ಕೆ ವೆಲ್ಡಿಂಗ್ ಹಾಕಿಸಿದರೂ ಆಗುತ್ತದೆ, ಮುಂದೆ ಸರ್ವಿಸಿಗೆ ಗ್ರೈಂಡ್ ಮಾಡಿ ತೆಗೆಯಬೇಕಾಗುತ್ತದೆ ಅಷ್ಟೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ. ಸಿ.ಎನ್.ಜಿ. ಇಕೋ ಆಗಿದ್ದರೆ ರಸ್ತೆಬದಿಯ ಅಂಗಡಿಯಲ್ಲಿ ವೆಲ್ಡಿಂಗ್ ಬೇಡವೇ ಬೇಡ, ಶಿಯರ್ ನಟ್ ಹಾಕಿಸಿ.

ಸೆಕೆಂಡ್ ಹ್ಯಾಂಡ್ ಇಕೋ ಕೊಳ್ಳುವವರು ಇನ್ನೊಂದು ನೋಡಬೇಕು. ಡಬ್ಬಿ ಕೊಯ್ದು ಒಳಗಿನ ‘ಮಣ್ಣು’ (ಲೋಹದ ಲೇಪನವಿರುವ ಪಿಂಗಾಣಿ) ತೆಗೆದು ಮತ್ತೆ ವೆಲ್ಡ್ ಮಾಡಿ ಕೂರಿಸಿದ, ಅಥವಾ ಖಾಲಿ ಡೂಪ್ಲಿಕೇಟ್ ಹಾಕಿದ ಗಾಡಿಗಳಿವೆ. ಇಂಜಿನ್ ತಣ್ಣಗಿರುವಾಗ ಡಬ್ಬಿಯನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ತುಂಬಿದ ಡಬ್ಬಿ ದಬ್ ಎನ್ನುತ್ತದೆ, ಖಾಲಿಯದು ಡಣ್ ಎನ್ನುತ್ತದೆ. ಕಂಪನಿಯ ಹೊಲಿಗೆ ಒಂದೇ ಸಮ ಇರುತ್ತದೆ. ಅದರ ಪಕ್ಕದಲ್ಲಿ ಗಂಟುಗಂಟಾದ ಇನ್ನೊಂದು ವೆಲ್ಡಿಂಗ್ ಗೆರೆ ಕಂಡರೆ, ಅಥವಾ ಸ್ಕ್ಯಾನರಿನಲ್ಲಿ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್ ಬಂದರೆ, ಹೊಸ ಕನ್ವರ್ಟರಿನ ದುಡ್ಡನ್ನು ಗಾಡಿಯ ರೇಟಿನಲ್ಲಿ ಮುರಿದುಕೊಂಡೇ ಮಾತಾಡಿ.